ಮಾಡದೊಳಗಿನ ಕಪ್-ಬಸಿ

ಕೆಲವು ವರ್ಷಗಳ ಹಿಂದೆ ಮನಗೂಳಿಯ ನಮ್ಮ ಕಾಕಾ ಬಹಳ ದಿನ ಕೆಮ್ಮಿ, ಕಫದ ಪರೀಕ್ಷೆ ಮಾಡಿಸಿಕೊಂಡರು. ಗಾಜಿನ ಪಟ್ಟಿಯ ಮೇಲೆ ಕೆಂಪು ಕಡ್ಡಿಯಂಥ ಜೀವಾಣುಗಳು ಕಂಡವೆಂದು ವರದಿ ಬಂತು. ವೈದ್ಯರು ಕ್ಷಯದ ಗುಳಿಗೆ ಸುರು ಮಾಡಿದರು. ಅಂದು ಸಂಜೆಯೇ ಕಾಕಾರ ಚಹಾದ ಕಪ್-ಬಸಿ ಪಡಸಾಲೆಯ ಮಾಡಕ್ಕೆ ಹೋಯಿತು. ಅಲ್ಲಿಟ್ಟವರು ತಾವೆಂದು ಇಂದು ಯಾರೂ ಒಪ್ಪುವುದಿಲ್ಲ, ನಾನಂತೂ ತಡೆಯಲಿಲ್ಲ.

ಕ್ಷಯದ ಜೀವಾಣುವನ್ನು ರಾಬರ್ಟ್ ಕೋಖ್ 1882ರಲ್ಲಿ ತೋರಿಸಿಕೊಟ್ಟ. ಅದರ ಕುಲದ ಹೆಸರು ಮೈಕೋಬ್ಯಾಕ್ಟೀರಿಯಂ. ಈ ಕುಲದವಕ್ಕೆ ಮೇಣದಂಥ ಹೊದಿಕೆ. ಒಮ್ಮೆ ಹಿಡಿದ ಕೆಂಪು ಬಣ್ಣವನ್ನು ಆಮ್ಲದಿಂದ ತೊಳೆದರೂ ಬಿಡವು. ಆದರೆ ಕುಲದಲ್ಲಿ ನೂರಕ್ಕೂ ಹೆಚ್ಚು ಪ್ರಭೇದಗಳಿದ್ದು, ಬಹುಪಾಲು ಮಣ್ಣು ನೀರುಗಳಲ್ಲಿ ತಮ್ಮ ಪಾಡಿಗೆ ತಾವು ಬದುಕುವಂಥವು. ಮೈಕೋಬ್ಯಾಕ್ಟೀರಿಯಂ ಗಾರ್ಡೊನೇ ಅಂಥದೊಂದು. ನಲ್ಲಿಯ ನೀರಿನಲ್ಲೂ ಅದರ ವಾಸ. ಗಟ್ಟಿಮುಟ್ಟಾದವರಿಗೆ ಅದರಿಂದ ಕೇಡಿಲ್ಲವೆಂದೇ ಹೇಳಬೇಕು. ಬಣ್ಣ ಹಾಕಿ ನೋಡಿದರೆ ಅದೂ ಕೆಂಪು ಕಡ್ಡಿಯೇ. ಬೆಳೆಸಿ ನೋಡಿದಾಗ ಬೇರೆ: ಕ್ಷಯದ್ದು ಒರಟಾಗಿ, ಮಾಸಲಾಗಿ ಬೆಳೆದರೆ, ಇದು ಕತ್ತಲಲ್ಲಿಟ್ಟರೂ ನುಣುಪಾದ ಕಿತ್ತಳೆ ಚುಕ್ಕೆಗಳಾಗಿ ಬೆಳೆಯುತ್ತದೆ. ಅದನ್ನು ಕಾಣಲು ವಾರಗಟ್ಟಲೆ ಕಾಯಬೇಕು.

ವಾರಗಳು ಕಳೆದ ಮೇಲೆ ಬಂದ ಎರಡನೆಯ ವರದಿಯಲ್ಲಿದ್ದದ್ದು ಈ ಗಾರ್ಡೊನೇ. ಬಾಯಿ ಮುಕ್ಕಳಿಸಿದ ನೀರಿನಿಂದ ಕಫಕ್ಕೆ ಸೇರಿರಬಹುದು ಎಂದರು ವೈದ್ಯರು. ಗುಳಿಗೆ ನಿಂತವು.

ಹಾಗಾದರೆ ಮೊದಲು ಗುಳಿಗೆ ಕೊಟ್ಟದ್ದು ತಪ್ಪೆ? ಅಲ್ಲ. ಕ್ಷಯವೇ ಆಗಿದ್ದರೆ ತಡಮಾಡುವುದು ಕಾಕಾರಿಗೂ ಮನೆಮಂದಿಗೂ ಅಪಾಯ. ಸಂಶಯ ಪಡುವುದು ಪಾಪವಲ್ಲ. ಆದರೆ ಕ್ಷಯ ಹರಡುವುದು ಕೆಮ್ಮಿನ ಗಾಳಿಯಿಂದ, ಕಪ್-ಬಸಿಯಿಂದಲ್ಲ. ಕ್ಷಯವೇ ಆಗಿದ್ದರೂ ನಾವು ಮಾಡಿದ್ದು ಎಚ್ಚರಿಕೆಯಾಗುತ್ತಿರಲಿಲ್ಲ. ವೈದ್ಯರ ಸಂಶಯಕ್ಕೆ ಒಂದು ಗಡುವಿತ್ತು. ವರದಿ ಬಂದೊಡನೆ ಮುಗಿಯಿತು. ನಮ್ಮ ಹೇಸಿಕೆಗೆ ಗಡುವೇ ಇರಲಿಲ್ಲ.

ಬಸವಣ್ಣನವರು ಹುಟ್ಟಿದ ಬಾಗೇವಾಡಿ ನಮಗೆ ನೆರೆಯೂರು. ಕುಲ ಕೇಳಬಾರದೆಂಬ ಭಾಷಣಕ್ಕೆ ಪ್ರತಿ ಬಸವ ಜಯಂತಿಗೆ ಚಪ್ಪಾಳೆ ತಟ್ಟುವವರು ನಾವು. ಆದರೂ ಕಪ್ ಬೇರೆ ಇಡುವುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಲಿಲ್ಲ. ನಾನು ಹುಡುಗನಿದ್ದಾಗ ಹೊಲದ ಆಳಿನ ಕಪ್ ಇರುತ್ತಿದ್ದದ್ದು ಅದೇ ಮಾಡದಲ್ಲಿ.

ವರದಿ ಬಂದ ದಿನ ನನ್ನ ಹೆಂಡತಿ ಎಲ್ಲರಂಥದೇ ಕಪ್ಪಿನಲ್ಲಿ ಕಾಕಾರಿಗೂ ಚಹಾ ತಂದಳು. ಅವರು ಎದ್ದು ಹೋಗಿ, ಮಾಡದಿಂದ ತಮ್ಮದನ್ನು ತಂದು ಮುಂದಿಟ್ಟರು.

“ಇದರಾಗ ಹಾಕವ್ವಾ. ರೂಢಿ ಆಗ್ಯಾದ.”

ನಾವು ಯಾರೂ ತಲೆ ಎತ್ತಲಿಲ್ಲ.