ಗೋಡೆಯ ಮೇಲಿನ ಅಜ್ಜಿ

ಊರು ಬಿಟ್ಟು ಬಂದ ನಮ್ಮಂಥವರಿಗೆ ಹಿರಿಯರ ಭಾವಚಿತ್ರವೇ ತವರಿನ ಗುರುತು. ನಮ್ಮ ಅಜ್ಜಿಯದೆಂದು ಉಳಿದಿದ್ದುದು ಮೊಬೈಲಿನಲ್ಲಿ ಬಂದ ಒಂದೇ ಚಿತ್ರ; ಅಗಲ 600 ಪಿಕ್ಸೆಲ್. ಅಂಗುಲಕ್ಕೆ 300ರಂತೆ ಮುದ್ರಿಸಿದರೆ ಎರಡೇ ಅಂಗುಲ. ಗೋಡೆಗೆ ಬೇಕಾದದ್ದು ಹನ್ನೆರಡು.

ಹಿಗ್ಗಿಸುವ ಸಾಫ್ಟ್‌ವೇರ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ‘ಬೈಕ್ಯೂಬಿಕ್’ ಎಂಬ ಹಳೆಯ ಲೆಕ್ಕ ಸುತ್ತಲಿನ 16 ಪಿಕ್ಸೆಲ್‌ಗಳನ್ನು ನೋಡಿ ನಡುವಿನದನ್ನು ತುಂಬುತ್ತದೆ, ಚಿತ್ರ ಮಸುಕಾಗುತ್ತದೆ. ಕೃತಕ ಬುದ್ಧಿಮತ್ತೆಯದು ತಾನು ಕಲಿತ ಅಸಂಖ್ಯ ಚಿತ್ರಗಳ ಬಲದಿಂದ, ಇಲ್ಲದ ವಿವರವನ್ನೂ ಊಹಿಸಿ ಬರೆಯುತ್ತದೆ.

ಎರಡನೆಯದರಲ್ಲಿ ಅಜ್ಜಿಯ ರೆಪ್ಪೆಗೂದಲನ್ನೂ ಎಣಿಸಬಹುದಿತ್ತು. ಆದರೆ ಕೆನ್ನೆಯ ಮೇಲಿನ ಸಿಡುಬಿನ ಕಲೆಗಳು ಮಾಯ! ಮಕ್ಕಳು ‘ಎಷ್ಟು ಚೆನ್ನಾಗಿದ್ದಾರೆ!’ ಎಂದರು. ಅಜ್ಜಿಯನ್ನು ಕಂಡಿದ್ದ ನಾವು ಸುಮ್ಮನಾದೆವು.

ಹಿಂದೆ ಸ್ಟುಡಿಯೋದವರೂ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ತಿದ್ದುತ್ತಿರಲಿಲ್ಲವೇ? ನಿಜ. ಆದರೆ ಅವರು ಆ ಮುಖವನ್ನು ಎದುರಿಗೇ ಕಂಡಿದ್ದರು. ಈ ಯಂತ್ರಕ್ಕೆ ಮುಖಗಳು ಗೊತ್ತು, ಅಜ್ಜಿ ಗೊತ್ತಿಲ್ಲ.

ಕೊನೆಗೆ ಹಳೆಯ ಲೆಕ್ಕದ ಚಿತ್ರವನ್ನೇ, ಆರಂಗುಲಕ್ಕೆ ತೃಪ್ತಿಪಟ್ಟು, ಮುದ್ರಿಸಿ ತೂಗುಹಾಕಿದೆವು. ನಮ್ಮ ನಂತರ ಈ ಮನೆಯಲ್ಲಿ ಅಜ್ಜಿಯನ್ನು ಕಂಡವರಾರೂ ಇರುವುದಿಲ್ಲ. ಚಿತ್ರ ಸುಳ್ಳಾಡಿದರೆ ಹೌದಲ್ಲವೆನ್ನುವವರೂ ಇರುವುದಿಲ್ಲ. ಮಸುಕಾಗಿದ್ದರೇನು, ಮಕ್ಕಳು ಕೈಮುಗಿಯುವುದು ಅಜ್ಜಿಗೇ ಆಗಲಿ.