ಮಾತು ತಪ್ಪದ ಕಂಪನಿ

ಮಾತು ಉಳಿಸಿಕೊಂಡವನೆಲ್ಲ ನ್ಯಾಯವಂತನೇ? ಈಗಿನ ಕೆನಡಾದ ರೆಡ್ ರಿವರ್ ವಸಾಹತಿಗೆ ಹಡ್ಸನ್ಸ್ ಬೇ ಕಂಪನಿ 1820ರ ತಾರೀಖು ಹಾಕಿ ನೋಟು ಹೊರಡಿಸಿತ್ತು. ಯಾರ್ಕ್ ಫ್ಯಾಕ್ಟರಿ ಕೋಠಿಗೆ ಒಯ್ದು ಕೊಟ್ರೆ ಲಂಡನ್ನಿನ ಮೇಲೆ ಹುಂಡಿ ಬರೆದುಕೊಡ್ತಿದ್ರು. ಹಾಗೆ ತೀರಿ ರದ್ದಾದವೇ ಹೆಚ್ಚು. ಅದಕ್ಕೇ ಉಳಿದ ಚೀಟಿ ಇವತ್ತು ಅಪರೂಪ, ದುಬಾರಿ.

ಸಾಹುಕಾರನ ಕಾಗದಕ್ಕೆ ಹೆಬ್ಬೆಟ್ಟೊತ್ತಿದವರ ಮಕ್ಕಳು ನಾವು, ಇಂಥ ಪ್ರಾಮಾಣಿಕತೆಯನ್ನೇ ಅನುಮಾನಿಸುತ್ತೇವೆ. ಬೀವರ್ ತೊಗಲು ತಂದ ಕ್ರೀ ಬೇಟೆಗಾರನಿಗೆ ನೋಟಲ್ಲ, ತೊಗಲೇ ಅಳತೆ. ಎಷ್ಟು ತೊಗಲಿಗೆ ಒಂದು ಬಂದೂಕು ಅನ್ನೋ ದರಪಟ್ಟಿ ಮಾತ್ರ ಕಂಪನಿಯದು. ತಕ್ಕಡಿ, ತೂಕದ ಕಲ್ಲು ಎರಡೂ ತನ್ನದಾದವನಿಗೆ ಮಾತು ಉಳಿಸಿಕೊಳ್ಳೋದು ಎಷ್ಟರ ಕಷ್ಟ?

1670ರಲ್ಲಿ ಇಂಗ್ಲೆಂಡಿನ ದೊರೆ ತನ್ನದಲ್ಲದ ಆ ನೆಲವನ್ನು ಕಂಪನಿಗೆ ಸನ್ನದು ಬರೆದುಕೊಟ್ಟ. 1870ರಲ್ಲಿ ಕಂಪನಿ ಅದನ್ನು ಕೆನಡಾಕ್ಕೆ ಬಿಟ್ಟುಕೊಟ್ಟು 3,00,000 ಪೌಂಡು ಎಣಿಸಿಕೊಂಡಿತು. ಕ್ರೀ ಜನರನ್ನು ಯಾರೂ ಕೇಳಲಿಲ್ಲ.