ಎಂದರೆ ಸರಿಯಲ್ಲ

ನಮ್ಮ ಬೀದಿಯ ತಿರುವಿನಲ್ಲಿ ಹೂವು ಮಾರುವ ಹೆಂಗಸನ್ನು ಎಲ್ಲರೂ ಹೂವಿನಕ್ಕ ಎನ್ನುತ್ತೇವೆ. ಒಂದು ಸಂಜೆ ಆಕೆ ಕನಕಾಂಬರದ ದಂಡೆಯನ್ನು ಮೊಳ ಹಾಕುತ್ತಿದ್ದಾಗ ಬೈಕಿನಲ್ಲಿ ಬಂದ ಇಬ್ಬರು ಕೊರಳಿಗೆ ಕೈ ಹಾಕಿ ಮಾಂಗಲ್ಯದ ಸರ ಎಳೆದುಕೊಂಡು ಹೋದರು. ಕುತ್ತಿಗೆಯ ಹಿಂಬದಿಯಲ್ಲಿ ದಾರದಷ್ಟು ತೆಳ್ಳನೆಯ ಕೆಂಪು ಗೀರು, ಮುಗ್ಗರಿಸಿ ತರಚಿದ ಮೊಣಕಾಲು. ಅರ್ಧ ಗಂಟೆಯೊಳಗೆ ಬೀದಿಗೆಲ್ಲ ಸುದ್ದಿ: "ಹೂವಿನಕ್ಕ ಸರ ಕಳ್ಕೊಂಡ್ರಂತೆ."

ಠಾಣೆಗೆ ಜೊತೆಯಲ್ಲಿ ಹೋದ ನಾನೂ ಅದನ್ನೇ ಹೇಳಿದೆ. ದೂರು ಬರೆದುಕೊಳ್ಳುತ್ತಿದ್ದ ರೈಟರ್ ಪೆನ್ನು ಎತ್ತಿ ಹಿಡಿದರು. "ಕಳ್ಕೊಂಡ್ರಾ, ಕಿತ್ಕೊಂಡ್ರಾ? ಕಳ್ಕೊಂಡಿದ್ರೆ ಅದು ಬೇರೆ ಅರ್ಜಿ."

ಆ ಪ್ರಶ್ನೆ ಈವರೆಗೂ ನನ್ನ ಬೆನ್ನು ಬಿಟ್ಟಿಲ್ಲ. ನಮ್ಮ ಆಡುಮಾತಿನಲ್ಲಿ ಹೊಡೆಸಿಕೊಂಡವನು ಏಟು 'ತಿನ್ನುತ್ತಾನೆ'. ವಂಚನೆಗೆ ಸಿಕ್ಕವಳು ಮೋಸ 'ಹೋಗುತ್ತಾಳೆ'. ದೌರ್ಜನ್ಯಕ್ಕೆ ಒಳಗಾದವಳು ಮಾನ 'ಕಳೆದುಕೊಳ್ಳುತ್ತಾಳೆ'. ಪ್ರತಿ ಸಲವೂ ಕರ್ತೃವಿನ ಜಾಗದಲ್ಲಿ ನಿಂತಿರುವುದು ನೊಂದವರೇ. ಮಾಡಿದವನು ವಾಕ್ಯದೊಳಗೆ ಕಾಲೇ ಇಟ್ಟಿರುವುದಿಲ್ಲ. ಹಾಗಿರುವಾಗ "ಅಷ್ಟು ಹೊತ್ತಲ್ಲಿ ಸರ ಹಾಕ್ಕೊಂಡು ಯಾಕೆ ಕೂತಿದ್ರಿ" ಎಂದು ನೆರೆಯವರು ಕೇಳಿದ್ದರಲ್ಲಿ ಆಶ್ಚರ್ಯವೇನು? ವ್ಯಾಕರಣ ಮೊದಲೇ ಆ ತೀರ್ಪು ಕೊಟ್ಟಾಗಿತ್ತು.

ರೈಟರ್ ಬರೆದ ವಾಕ್ಯ ಬೇರೆ ಥರ ಇತ್ತು. "ಯಾರೋ ಇಬ್ಬರು ಅಪರಿಚಿತ ಆಸಾಮಿಗಳು ಮೋಟಾರ್ ಸೈಕಲ್‌ನಲ್ಲಿ ಬಂದು ಪಿರ್ಯಾದಿಯ ಕೊರಳಿನಲ್ಲಿದ್ದ ಮಾಂಗಲ್ಯ ಸರವನ್ನು ಬಲವಂತವಾಗಿ ಕಿತ್ತುಕೊಂಡು ಪರಾರಿಯಾಗಿರುತ್ತಾರೆ." ಪೊಲೀಸ್ ಕನ್ನಡವನ್ನು ನಾವೆಲ್ಲ ಗೇಲಿ ಮಾಡಿದವರೇ. ಆದರೆ ಹೂವಿನಕ್ಕನ ಆ ದಿನವನ್ನು ಹೇಳಿದ ವಾಕ್ಯಗಳಲ್ಲಿ ಮಾಡಿದವರನ್ನು ಕರ್ತೃವಾಗಿಸಿದ್ದು ಇದೊಂದೇ. ಅಪರಿಚಿತರಾದರೂ ಆಸಾಮಿಗಳು ಇದ್ದರು, ಅವರು ಬಂದರು, ಅವರು ಕಿತ್ತುಕೊಂಡರು.

ಆ ವಾಕ್ಯ ಇದ್ದ ಕಾಗದವೇ ಎಫ್‌ಐಆರ್, ಕನ್ನಡದಲ್ಲಿ ಪ್ರಥಮ ವರ್ತಮಾನ ವರದಿ. ಅಪರಾಧ ಸಂಜ್ಞೇಯವಾಗಿದ್ದರೆ, ಅಂದರೆ ಕೋರ್ಟಿನ ಅಪ್ಪಣೆಗೆ ಕಾಯದೆ ಪೊಲೀಸರೇ ತನಿಖೆ ಶುರು ಮಾಡಬಹುದಾದದ್ದಾಗಿದ್ದರೆ, ಇದನ್ನು ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲಿ ಹೇಳಿದೆ. ಸ್ಥಳ ನಮ್ಮ ಸರಹದ್ದಲ್ಲ ಎಂದು ಸಾಗಹಾಕುವಂತಿಲ್ಲ. ಆಗ ಬರೆದುಕೊಳ್ಳುವುದಕ್ಕೆ ಜನ 'ಜೀರೋ ಎಫ್‌ಐಆರ್' ಎನ್ನುತ್ತಾರೆ. ಎಫ್‌ಐಆರ್‌ನ ಒಂದು ಪ್ರತಿಯನ್ನು ಪುಕ್ಕಟೆ ಕೊಡಬೇಕು. ನಮಗೂ ಕೊಟ್ಟರು. ಹೂವಿನಕ್ಕ ಅದನ್ನು ಮಡಿಸಿ ರೇಷನ್ ಕಾರ್ಡಿನ ಜೊತೆ ಇಟ್ಟುಕೊಂಡಳು.

'ವರ್ತಮಾನ'ಕ್ಕೆ ಸುದ್ದಿ ಎಂಬ ಅರ್ಥವೂ ಇದೆ, ಈಗ ನಡೆಯುತ್ತಿರುವ ಕಾಲ ಎಂಬ ಅರ್ಥವೂ ಇದೆ. ಠಾಣೆಗೆ ಅದು ಸುದ್ದಿ. ಬೈಕಿನ ಸದ್ದು ಕೇಳಿದರೆ ಈಗಲೂ ಕೈ ಕೊರಳಿಗೆ ಹೋಗುವ ಹೂವಿನಕ್ಕನಿಗೆ ಅದು ಎರಡನೆಯ ಅರ್ಥ. 'ಪರಾರಿಯಾಗಿರುತ್ತಾರೆ' ಎಂಬ ಆ ವಿಚಿತ್ರ ಕ್ರಿಯಾಪದವೂ ಅಷ್ಟೆ. ಮುಗಿದುಹೋದದ್ದನ್ನು ಮುಗಿಯದಂತೆ ಹೇಳುತ್ತದೆ. ಅವರು ಆಕೆಯ ಪಾಲಿಗೆ ದಿನಾ ಸಂಜೆ ಏಳಕ್ಕೆ ಪರಾರಿಯಾಗುತ್ತಲೇ ಇರುತ್ತಾರೆ.

ಆ ಕಾಗದದಲ್ಲಿ ಆಕೆಯ ಹೆಸರು ಒಂದೆರಡು ಕಡೆ, ಉಳಿದೆಡೆಯೆಲ್ಲ 'ಪಿರ್ಯಾದಿ'. ಈ ಮಾತು ನಮಗೆ ಪಾರಸಿಯಿಂದ ಬಂತು. ವಕೀಲ, ಅರ್ಜಿ, ಜಾಮೀನು, ಖುಲಾಸೆ ಇವೆಲ್ಲ ಸುಲ್ತಾನರ, ನವಾಬರ, ಮರಾಠರ ಕಚೇರಿಗಳ ಮೂಲಕ ನಮ್ಮ ಬಾಯಿಗೆ ಬಂದು ಒಗ್ಗಿದ ಅರಬ್ಬಿ ಪಾರಸಿ ಮಾತುಗಳು. ಫರಿಯಾದ್ ಎಂದರೆ ಮೂಲದಲ್ಲಿ ಕೂಗು, ಮೊರೆ. ಫಿರ್ಯಾದಿ ಎಂದರೆ ಕೂಗಿಕೊಂಡವನು. ಹೂವಿನಕ್ಕ ನಿಜಕ್ಕೂ ಕೂಗಿಕೊಂಡಿದ್ದಳು, ಎದುರು ಅಂಗಡಿಯವನು ಓಡಿ ಬಂದದ್ದು ಅದನ್ನು ಕೇಳಿಯೇ. ಮಹಜರು ಕೂಡ ಹಾಗೆಯೇ: ಹಾಜರು, ಹುಜೂರು, ಮಹಜರು ಮೂರೂ ಒಂದೇ ಅರಬ್ಬಿ ಧಾತುವಿನ ಮಕ್ಕಳು, ಎದುರಿಗೆ ಇರುವುದು ಎಂಬುದು ಅದರ ಹುರುಳು. ಮಾರನೆಯ ದಿನ ಪಂಚರ ಸಮ್ಮುಖದಲ್ಲಿ ಸ್ಥಳ ಮಹಜರು ನಡೆದಾಗ ಆಕೆ ತನ್ನ ಹೂವಿನ ಬುಟ್ಟಿ ಇದ್ದ ಜಾಗವನ್ನು ತೋರಿಸಿದಳು. ರಸ್ತೆಯಲ್ಲಿ ಕನಕಾಂಬರ ಇನ್ನೂ ಅಂಟಿಕೊಂಡಿತ್ತು. ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ಇದೆಲ್ಲ ಆದದ್ದು 2024ರ ಜುಲೈ 1ರಂದು ಹೊಸ ಸಂಹಿತೆಗಳು ಜಾರಿಗೆ ಬಂದ ಕೆಲವು ತಿಂಗಳಿಗೆ. 1860ರ ದಂಡ ಸಂಹಿತೆಯಲ್ಲಿ ಕಿತ್ತುಕೊಳ್ಳುವುದಕ್ಕೆ ಪ್ರತ್ಯೇಕ ಕಲಂ ಇರಲಿಲ್ಲ. ಕಳ್ಳತನಕ್ಕೋ ಸುಲಿಗೆಗೋ ಸೇರಿಸುತ್ತಿದ್ದರು. ಈಗ ಭಾರತೀಯ ನ್ಯಾಯ ಸಂಹಿತೆಯ 304ನೇ ಕಲಂ ಅದಕ್ಕೆಂದೇ ಇದೆ. ಹಳೆಯ ವಕೀಲರಿಗೆ 304 ಎಂದರೆ ಕೊಲೆಯಲ್ಲದ ನರಹತ್ಯೆ. ಸರಗಳ್ಳನ ಕೇಸಿನಲ್ಲಿ ಆ ಸಂಖ್ಯೆ ಕಂಡು ಒಬ್ಬರು ನನ್ನೆದುರೇ ಬೆಚ್ಚಿದರು. (ಗಾಯವೂ ಆಗಿದ್ದರಿಂದ ಇದು ಸುಲಿಗೆಯೇ ಅಲ್ಲವೇ ಎಂಬ ಚರ್ಚೆ ಅವರವರಲ್ಲಿ ನಡೆಯಿತು. ನಾವು ಚಹಾ ಕುಡಿದೆವು.)

ಎರಡು ತಿಂಗಳಿಗೆ ಸರ ಸಿಕ್ಕಿತು. ಪುಣ್ಯಕ್ಕೆ ಕರಗಿಸಿರಲಿಲ್ಲ, ಅಡವಿಟ್ಟಿದ್ದರು. ನೋಡಲು ಕರೆದಾಗ ಹೂವಿನಕ್ಕ ಕಣ್ಣಿಗೊತ್ತಿಕೊಳ್ಳಲು ಕೈ ಚಾಚಿದಳು. ಸರ ಕವರಿನೊಳಗಿತ್ತು, ಕವರಿನ ಮೇಲೆ ಅರಗಿನ ಮುದ್ರೆ, ಪಂಚರ ಸಹಿ. "ಈಗ ಮುಟ್ಟಂಗಿಲ್ಲಮ್ಮ, ಅದು ಮುದ್ದೆಮಾಲು" ಎಂದರು. ಆಕೆ ನನ್ನ ಕಡೆ ತಿರುಗಿ, "ಅದು ತಾಳಿ" ಎಂದಳು. ಇಬ್ಬರು ಹೇಳಿದ್ದೂ ನಿಜ.

ಮುದ್ದೆಮಾಲೆಂದರೆ ಪ್ರಕರಣದ ವಸ್ತು. ಕಳುವಾದ ಚಿನ್ನ ಠಾಣೆಯಲ್ಲೋ ಕೋರ್ಟಿನಲ್ಲೋ ವರ್ಷಗಟ್ಟಲೆ ಕೊಳೆಯಬಾರದು, ಫೋಟೋ ತೆಗೆದು ಪಟ್ಟಿ ಮಾಡಿ ಮುಚ್ಚಳಿಕೆ ಬರೆಸಿಕೊಂಡು ಒಡೆಯರಿಗೆ ಕೊಡಿ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಕೇಸು ಮುಗಿಯುವ ಮೊದಲೇ ಹೀಗೆ ಪಡೆಯುವುದಕ್ಕೆ ಮಧ್ಯಂತರ ಸುಪರ್ದಿ ಎಂದು ಹೆಸರು. ಅರ್ಜಿ ಹಾಕಿಸಿದೆವು. ಷರತ್ತುಗಳು ಇವು: ಕರೆದಾಗ ಕೋರ್ಟಿಗೆ ತರಬೇಕು, ಮಾರಬಾರದು, ರೂಪ ಬದಲಿಸಬಾರದು. ತುಂಡಾದ ಕೊಂಡಿಯನ್ನು ಅಕ್ಕಸಾಲಿಗನ ಹತ್ತಿರ ಬೆಸೆಸುವಂತೆಯೂ ಇಲ್ಲ. ಆಕೆ ತನ್ನದೇ ತಾಳಿಯನ್ನು ಮುಚ್ಚಳಿಕೆಯ ಮೇಲೆ ಪಡೆದು, ಅರಿಶಿನದ ದಾರಕ್ಕೆ ಪೋಣಿಸಿ ಕಟ್ಟಿಕೊಂಡಳು.

ಆಕೆಯನ್ನು ಏನೆಂದು ಕರೆಯಬೇಕು? ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರಗಳು ಹಲವು, ಸಮಾಧಾನ ಒಂದರಲ್ಲೂ ಇಲ್ಲ. ಪತ್ರಿಕೆಗಳು 'ಸಂತ್ರಸ್ತೆ' ಎನ್ನುತ್ತವೆ. ಸಂಸ್ಕೃತದಲ್ಲಿ ಅದಕ್ಕೆ ಬಹಳ ಹೆದರಿದವಳು, ನಡುಗಿದವಳು ಎಂದರ್ಥ. 'ಬಲಿಪಶು' ಎಂದರೆ ಕೇಳುವುದೇ ಬೇಡ. ಇಂಗ್ಲಿಷಿನ ವಿಕ್ಟಿಮ್ ಕೂಡ ಲ್ಯಾಟಿನ್ನಿನಲ್ಲಿ ಬಲಿಗೆ ಕೊಡುವ ಪ್ರಾಣಿಯೇ. ಹೊಸಬರು 'ಬದುಕುಳಿದವರು' ಎನ್ನುತ್ತಾರೆ. ಆಶಯ ಒಳ್ಳೆಯದೇ, ಆದರೆ ಕನ್ನಡದ ಕಿವಿಗೆ ಅದು ಬಸ್ಸು ಉರುಳಿದಾಗ ಪಾರಾದವರ ಪಟ್ಟಿಯಂತೆ ಕೇಳಿಸುತ್ತದೆ. ಕಚೇರಿ ಭಾಷೆಯಲ್ಲಿ ನನಗೆ ಹಿಡಿಸುವುದು 'ನೊಂದವರು'. ಅದರಲ್ಲಿ ನೋವು ಇದೆ, ಹೇಡಿತನದ ಸೋಂಕಿಲ್ಲ. ಆ ಮಾತು ಯಾರ ಮೇಲೂ ಶಾಶ್ವತವಾಗಿ ಕೂರುವುದೂ ಇಲ್ಲ.

1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ನೊಂದವರು ಯಾರು ಎಂಬುದಕ್ಕೆ ವಿವರಣೆಯೇ ಇರಲಿಲ್ಲ. ಆರೋಪಿಗೆ ಪುಟಗಟ್ಟಲೆ ಜಾಗವಿತ್ತು, ಇರಬೇಕಾದದ್ದೇ. ನೊಂದವರ ವಿವರಣೆ ಒಳಗೆ ಬಂದದ್ದು ತಿದ್ದುಪಡಿಯ ಮೂಲಕ, 2009ರ ಡಿಸೆಂಬರ್ 31ರಂದು. ಆರೋಪಿಗೆ ಶಿಕ್ಷೆಯಾಗದೆ ಹೋದರೆ ಅವರೂ ಮೇಲ್ಮನವಿ ಹಾಕಬಹುದು ಎಂಬ ಹಕ್ಕು ಬಂದದ್ದೂ ಅಂದೇ. ಆ ದಿನಾಂಕವೇ ನಮ್ಮ ರಾಜ್ಯದ ಒಬ್ಬರನ್ನು ಬಾಗಿಲಲ್ಲೇ ತಡೆಯಿತು. ಅವರ ಮೇಲೆ ಹಲ್ಲೆ ನಡೆದದ್ದು 2009ರ ಫೆಬ್ರುವರಿಯಲ್ಲಿ. 2013ರಲ್ಲಿ ಆರೋಪಿಗಳು ಖುಲಾಸೆಯಾದರು. ಘಟನೆ ಹಕ್ಕಿಗಿಂತ ಹಳೆಯದು ಎಂದು ಹೈಕೋರ್ಟಿನಲ್ಲಿ ಮೇಲ್ಮನವಿ ನಿಲ್ಲಲಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್, ಲೆಕ್ಕಕ್ಕೆ ಬರುವುದು ಖುಲಾಸೆಯ ದಿನ, ಮೇಲ್ಮನವಿಗೆ ಮೊದಲೇ ಅನುಮತಿ ಬೇಡುವ ಅಗತ್ಯವೂ ಇಲ್ಲ ಎಂದಿತು. ಒಂದು ಪದಕ್ಕೆ ಅರ್ಥ ಬರೆಯುವುದು ಎಷ್ಟು ತಡವಾಯಿತು ಎಂಬುದನ್ನು ಮೈಮೇಲೆ ಹೊತ್ತು ಅಳೆದವರು ಅವರು.

ತನಿಖೆ ಎಲ್ಲಿಗೆ ಬಂತು ಎಂದು ತೊಂಬತ್ತು ದಿನದೊಳಗೆ ಪೊಲೀಸರು ನೊಂದವರಿಗೆ ತಿಳಿಸಬೇಕು ಎಂದು ಹೊಸ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಪುರಾವೆ ಸಾಲದು ಎನಿಸಿದರೆ ಪೊಲೀಸರು ಕೋರ್ಟಿಗೆ ಕೊಡುವುದು 'ಬಿ ರಿಪೋರ್ಟ್'. ಆ ಒಂದಕ್ಷರ ಕೇಳಿ ಕೇಸು ಸತ್ತಿತೆಂದು ಮನೆಗೆ ಹೋದವರನ್ನು ನಾನು ಬಲ್ಲೆ. ಸತ್ತಿರುವುದಿಲ್ಲ. ಕೋರ್ಟು ಅದನ್ನು ಒಪ್ಪುವ ಮೊದಲು ಫಿರ್ಯಾದಿಗೆ ನೋಟಿಸು ಕೊಟ್ಟು ಕೇಳಬೇಕು. ಫಿರ್ಯಾದಿ ತಕರಾರು ಅರ್ಜಿ ಹಾಕಬಹುದು. ವಕೀಲರಿಗೆ ಎಲ್ಲಿಂದ ಹಣ ಎಂದರೆ, ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ನೋಡದೆ ಉಚಿತ ನೆರವು ಕೊಡಬೇಕೆಂದು 1987ರ ಕಾಯ್ದೆಯೇ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಸಾಮಾನ್ಯವಾಗಿ ಕೋರ್ಟಿನ ಆವರಣದಲ್ಲೇ ಇರುತ್ತದೆ. ಫೋನು 15100.

ನಮ್ಮ ಕೇಸಿನಲ್ಲಿ ದೋಷಾರೋಪಣ ಪಟ್ಟಿಯೇ ಬಂತು. ಅದರಲ್ಲಿ ಹೂವಿನಕ್ಕ 'ಚಾಸಾ-1' ಆಗಿದ್ದಳು, ಚಾರ್ಜ್‌ಶೀಟಿನ ಒಂದನೇ ಸಾಕ್ಷಿ. ಕಟಕಟೆ ಹತ್ತಿದ ದಿನ 'ಪ್ರಾಸಾ-1' ಆದಳು, ಪ್ರಾಸಿಕ್ಯೂಷನ್ನಿನ ಒಂದನೇ ಸಾಕ್ಷಿ. ಕೇಸಿನ ತಲೆಬರಹದಲ್ಲಿ ಒಂದು ಕಡೆ ಕರ್ನಾಟಕ ರಾಜ್ಯ, ಎದುರಿಗೆ ಆರೋಪಿಗಳು. ಆಕೆಯ ಹೆಸರು ಎರಡೂ ಕಡೆ ಇಲ್ಲ. "ನನ್ ಲಾಯರು ಯಾರು?" ಎಂದು ಕೇಳಿದಳು. ಎಪಿಪಿಯವರನ್ನು, ಅಂದರೆ ಸಹಾಯಕ ಸರ್ಕಾರಿ ಅಭಿಯೋಜಕರನ್ನು, ತೋರಿಸಿದೆ. "ಅವ್ರು ಸರ್ಕಾರದೋರಲ್ವಾ?" ಹೌದು, ಸರ್ಕಾರದವರೇ. ಅಪರಾಧವೆಂದರೆ ಇಡೀ ಸಮಾಜಕ್ಕೆ ಬಿದ್ದ ಪೆಟ್ಟು, ಅದಕ್ಕೇ ಸರ್ಕಾರವೇ ವಾದಿ, ಬೇಕಿದ್ದರೆ ಕೋರ್ಟಿನ ಅನುಮತಿ ಪಡೆದು ಅವರಿಗೆ ನೆರವಾಗಲು ನಿನ್ನ ಸ್ವಂತ ವಕೀಲರನ್ನೂ ಇಟ್ಟುಕೊಳ್ಳಬಹುದು ಎಂದು ವಿವರಿಸಿದೆ. ಹೇಳುತ್ತಾ ಹೇಳುತ್ತಾ ನನಗೇ ಒಂಥರ ಆಯಿತು. ದುಡ್ಡಿದ್ದವನು ಸೇಡಿಗಾಗಿ ಕೋರ್ಟನ್ನು ಕೈಗೊಂಬೆ ಮಾಡಿಕೊಳ್ಳಬಾರದು ಎಂಬ ಒಳ್ಳೆಯ ಕಾರಣ ಅದರ ಹಿಂದಿದೆ. ಆದರೂ ಕಿತ್ತುಕೊಂಡವರನ್ನು ವಾಕ್ಯದೊಳಗೆ ಎಳೆದು ತಂದ ಅದೇ ಭಾಷೆ, ಹೋಗ್ತಾ ಹೋಗ್ತಾ ಆಕೆಯನ್ನು ವಾಕ್ಯದಿಂದ ಆಚೆಗೆ ಸರಿಸಿತ್ತು.

ಪಾಟಿ ಸವಾಲು ಇಪ್ಪತ್ತು ನಿಮಿಷ ನಡೆದಿರಬಹುದು. ಬೀದಿದೀಪ ಎಷ್ಟು ದೂರದಲ್ಲಿತ್ತು, ಹೆಲ್ಮೆಟ್ ಇತ್ತೋ ಇಲ್ಲವೋ, ರಸೀದಿ ಇದೆಯೋ. ಆರೋಪಿಯ ವಕೀಲರು ಒರಟಾಗಿರಲಿಲ್ಲ. ಅವರ ಕೆಲಸ ಅದು. ಸಂಶಯಕ್ಕೆ ಎಡೆಯಿದ್ದರೆ ಅದರ ಲಾಭ ಆರೋಪಿಗೆ ಸಲ್ಲಬೇಕು ಎಂಬ ತತ್ವವನ್ನು ನಾನು ಮನಸಾರೆ ಒಪ್ಪುತ್ತೇನೆ. ಅದನ್ನು ಹೇಳಲು 'ಲಾಭ' ಎಂಬ ಮಾತನ್ನು ಆರಿಸಿದವರು ಮಾತ್ರ ಹಿಂದಿನ ಬೆಂಚಿನಲ್ಲಿ ಕೂತವರ ಮುಖ ನೋಡಿರಲಾರರು.

ಕೊನೆಗೆ ಬೆರಳಚ್ಚು ಮಾಡಿದ ಹೇಳಿಕೆಯನ್ನು ಓದಿ ಹೇಳಿದರು. "ಆ ದಿನ ನನ್ನ ಕೊರಳಿನಲ್ಲಿ ಸರ ಇರಲಿಲ್ಲ ಎಂದರೆ ಸರಿಯಲ್ಲ. ಪೊಲೀಸರು ಹೇಳಿಕೊಟ್ಟಂತೆ ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ."

ಹೂವಿನಕ್ಕ ಗಾಬರಿಯಾದಳು. "ನಾನೆಲ್ಲಿ ಹಂಗಂದೆ? ಸುಳ್ಳು ಅಂತ ನಾನ್ಯಾಕೆ ಹೇಳ್ಲಿ?"

ವಕೀಲರು ಕೇಳಿದ್ದನ್ನೂ ಆಕೆ ಇಲ್ಲ ಎಂದದ್ದನ್ನೂ ಸೇರಿಸಿ ಒಂದೇ ವಾಕ್ಯ ಮಾಡುವ ಪದ್ಧತಿ ಅದು. ನ್ಯಾಯಾಧೀಶರು ಸಮಾಧಾನದಿಂದ ತಿಳಿಸಿದರು: ಕೊನೆಯಲ್ಲಿ 'ಸರಿಯಲ್ಲ' ಇದೆಯಲ್ಲಮ್ಮ, ನೀವು ಒಪ್ಪಿಲ್ಲ ಅಂತಲೇ ಅರ್ಥ. ಆಕೆ ಇನ್ನೊಮ್ಮೆ ಓದಿಸಿದಳು. ಕನ್ನಡದಲ್ಲಿ ಬೇಡವೆನ್ನುವ ಮಾತು ಬರುವುದು ವಾಕ್ಯದ ಕಟ್ಟಕಡೆಗೆ. ಅಲ್ಲಿಯವರೆಗೆ ತನ್ನದೇ ಬಾಯಲ್ಲಿ ತನ್ನ ಮೇಲಿನ ಆಪಾದನೆಯನ್ನು ಪೂರ್ತಿ ಕೇಳಿಸಿಕೊಳ್ಳಬೇಕು. 'ಎಂದರೆ ಸರಿಯಲ್ಲ' ಬಂದಾಗಲೆಲ್ಲ ಆಕೆ ತಲೆಯಾಡಿಸಿದಳು, ಆಮೇಲೆ ಸಹಿ ಹಾಕಿದಳು.

ಸರವನ್ನು ಅಂದು ಬಿಚ್ಚಿ ತಂದಿದ್ದಳು. ಬರಿ ಅರಿಶಿನದ ಕೊಂಬು ಕೊರಳಲ್ಲಿತ್ತು. "ಇದು ನಿಮ್ಮದೇ ಎಂದು ಹೇಗೆ ಹೇಳುತ್ತೀರಿ?" ಎಂದು ಎಪಿಪಿ ಕೇಳಿದಾಗ, ಎರಡು ಬೊಟ್ಟಿನಲ್ಲಿ ಒಂದನ್ನು ಉಗುರಿನಿಂದ ತೋರಿಸಿ, "ಇದು ತವರಿಂದು, ಅಂಚು ಸವ್ದದೆ. ನಮ್ಮವ್ವ ಹಾಕ್ಕೊಂಡಿದ್ದು" ಎಂದಳು. "ಸದರಿ ಮಾಂಗಲ್ಯ ಸರವನ್ನು ಗುರುತಿಸುತ್ತೇನೆ" ಎಂದು ದಾಖಲಾಯಿತು. ಸರಕ್ಕೆ ಒಂದು ಚೀಟಿ ಕಟ್ಟಿದರು, ಮುಮಾ-1. ಹಿಂದಿನ ಷರತ್ತಿನ ಮೇಲೆಯೇ ವಾಪಸು ಕೊಟ್ಟರು.

ಕೋರ್ಟಿನ ಹಿಂದಿನ ಹೊಂಗೆಮರದಡಿ ನಿಂತು ಆಕೆ ಅದನ್ನು ಕಟ್ಟಿಕೊಂಡಳು. ಶಿಕ್ಷೆಯಾದರೆ ಪರಿಹಾರ ಸಿಗುತ್ತದಾ ಎಂದು ಕೇಳಿದಳು. ಕೋರ್ಟು ಕೊಡಿಸಬಹುದು, ಸರ್ಕಾರದ ಪರಿಹಾರ ಯೋಜನೆಯೂ ಇದೆ, ಕರ್ನಾಟಕದಲ್ಲಿ 2011ರಿಂದ, ಆದರೆ ಅದು ಹೆಚ್ಚಾಗಿ ಜೀವಕ್ಕೆ, ದೇಹಕ್ಕೆ ದೊಡ್ಡ ಹಾನಿಯಾದವರಿಗೆ ಎಂದೆ. "ದುಡ್ಡಲ್ಲ, ಬೈಕಿನ ಸದ್ದಿಗೆ" ಎಂದಳು. ಪರಿಹಾರ ಎಂಬ ಮಾತಿಗೆ ಇನ್ನೊಂದು ಅರ್ಥವಿದೆ ಎಂಬುದು ನನಗೆ ಆಗ ನೆನಪಾಯಿತು.

ಚೀಟಿ ಸರದ ಜೊತೆಗೇ ತೂಗುತ್ತಿತ್ತು. "ಬಿಚ್ಚಿಬಿಡಬಹುದಾ ಕೇಳ್ಕೊಂಡು ಬರ್ಲಾ?" ಎಂದೆ.

"ಬ್ಯಾಡ ಬಿಡಿ. ರೂಪ ಬದಲಿಸಬಾರ್ದು ಅಂದವ್ರೆ" ಎಂದು ಹೂವಿನಕ್ಕ ತಾಳಿಯನ್ನೂ ಚೀಟಿಯನ್ನೂ ಒಟ್ಟಿಗೆ ರವಿಕೆಯೊಳಗೆ ಸೇರಿಸಿ, ಸೆರಗು ಸರಿ ಮಾಡಿಕೊಂಡು ಬಸ್ಸಿನ ಕಡೆ ನಡೆದಳು. ಸಂಜೆಯ ಹೂವು ಇನ್ನೂ ಕಟ್ಟಿರಲಿಲ್ಲ.